ಸದ್ದಲೇ

"ತುಂಬಿದ ಕೊಡ ತುಳುಕೀತಲೇ ಪರಾಕ್... ಇದೇನ್ರಿ ಸಾಹೇಬ್ರ? ಇದನ್ನ ನಾ ಹೇಳಂಗಿಲ್ರಿ."

ಲಕ್ಷ್ಮಪ್ಪ ಚೀಟಿಯನ್ನು ವಾಪಸು ಚಾಚಿದ. ಮ್ಯಾನೇಜರ್ ಶಿವಾಜಿ ಕೈ ಮುಂದೆ ಮಾಡಲಿಲ್ಲ. ಆ ಒಂದು ಸಾಲು ಹೊಸೆಯಲು ಅವನಿಗೆ ಇಡೀ ಮಧ್ಯಾಹ್ನ ಹಿಡಿದಿತ್ತು.

"ತುಂಬಿದ ಕೊಡ ತುಳಕೂದಿಲ್ಲ ಅಂತ ಗಾದಿ ಐತೆಲ್ರಿ ಕಾಕಾ, ನಮ್ಮದು ತುಳಕತೈತಿ! ಇವತ್ತಿಂದ ಮಣ್ಣಿನ ಕೊಡದಾಗ ಬೀರ್ ಕೊಡಾಕತ್ತೀವಿ. ಮಂದಿ ನಕ್ಕೋತ ಆರ್ಡರ್ ಮಾಡ್ತಾರ."

"ಮಗಳು ದವಾಖಾನ್ಯಾಗ ಅದಾಳ್ರಿ."

"ಅಕಿಗೂ ಇದಕ್ಕೂ ಏನ್ ಸಂಬಂಧ್ರಿ? ಎಂಟಕ್ಕ ಏರ್ರಿ."

ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ಹೋಗುವ ರಸ್ತೆಯ ಬದಿಗಿದ್ದ ಹಗೇವು ಗಾರ್ಡನ್ ಎಂಬ ಹೋಟೆಲಿಗೆ ಪೇಟೆಯ ಮಂದಿ ಸಂಜೆ ಕಾರು ಹತ್ತಿ ಹಳ್ಳಿ ನೋಡಲು ಬರುತ್ತಿದ್ದರು. ಎತ್ತು ಕಟ್ಟದ ಚಕ್ಕಡಿ, ನೀರಿಲ್ಲದ ಬಾವಿ, ಆಚೆ ಬದಿಗೆ ಬಾರು, ಈಚೆ ಬದಿಗೆ ಹೆಂಡಿರು ಮಕ್ಕಳ ಜೊತೆ ಬಂದವರ ಊಟ. ನಟ್ಟನಡುವೆ ಎಲ್ಲರಿಗೂ ಕಾಣುವಂತೆ ಅಡಿಗೆಯ ಗಂಗಾ ಒಲೆಯ ಮುಂದೆ ಕೂತು ಕಟ್ಟಿಗೆಯ ಹಲಗೆಯ ಮೇಲೆ ರೊಟ್ಟಿ ಬಡಿಯುತ್ತಿದ್ದಳು. ಎಂಟು ಗಂಟೆಗೆ ಲಕ್ಷ್ಮಪ್ಪನ ಕಾರಣಿಕ.

ನಿಜವಾದ ಕಾರಣಿಕ ಮೈಲಾರಲಿಂಗನ ಗುಡಿಯ ಮುಂದೆ ನಡೆಯುವಂಥದ್ದು. ದಿನಗಟ್ಟಲೆ ಉಪವಾಸವಿದ್ದ ಗೊರವಪ್ಪ ನೆಟ್ಟಗೆ ನಿಲ್ಲಿಸಿದ ಎತ್ತರದ ಬಿಲ್ಲು ಏರಿ "ಸದ್ದಲೇ!" ಎಂದು ಕೂಗಿದರೆ ನೆರೆದ ಜನವೆಲ್ಲ ಉಸಿರು ಹಿಡಿಯುತ್ತದೆ. ಆ ಮೌನದಲ್ಲಿ ಅವನ ಬಾಯಿಂದ ಒಂದು ಮಾತು ಬರುತ್ತದೆ. ವರ್ಷದ ಭವಿಷ್ಯ ಅದರಲ್ಲೇ. ಮಾತು ಮುಗಿಯುತ್ತಲೇ ಅವನು ಮೇಲಿಂದ ಬೀಳುತ್ತಾನೆ, ಕೆಳಗಿನವರು ಕಂಬಳಿಯಲ್ಲಿ ಹಿಡಿಯುತ್ತಾರೆ. ಹಗೇವು ಗಾರ್ಡನ್ನಿನಲ್ಲಿ ಬೀಳುವಂತಿಲ್ಲ, ಮಾಲೀಕರಿಗೆ ಪೊಲೀಸ್ ಕೇಸಿನ ಭಯ. ಬಿಲ್ಲಿನಂತೆ ಬಣ್ಣ ಬಳಿದ ಕಬ್ಬಿಣದ ಪೈಪಿಗೆ ಮೆಟ್ಟಿಲು ಕೂಡಿಸಿದ್ದರು. ಉಪವಾಸದ ಮಾತಂತೂ ಬೇಡ. ದಿನಾ ಗಂಗಾಳ ಕೈಯ ಎರಡು ಬಿಸಿ ರೊಟ್ಟಿ ಉಂಡೇ ಲಕ್ಷ್ಮಪ್ಪ ಏರುತ್ತಿದ್ದ.

ಇದು ತಪ್ಪಲ್ಲವೇ ಎಂದು ಹೆಂಡತಿ ಹನಮವ್ವ ಒಮ್ಮೆ ಕೇಳಿದ್ದಳು. ಅವನ ಬಳಿ ಉತ್ತರವಿತ್ತು. ಇಲ್ಲಿ ಸದ್ದು ನಿಲ್ಲುವುದೇ ಇಲ್ಲ. ಅವನು ಎಷ್ಟೇ ಕೂಗಲಿ, ಹಾಡು ನಡೆದಿರುತ್ತದೆ, ಗ್ಲಾಸು ತಾಕುತ್ತವೆ, ಮಕ್ಕಳು ಚೀರುತ್ತವೆ, ಗಂಗಾಳ ರೊಟ್ಟಿ ಪಟಪಟ ಎನ್ನುತ್ತಿರುತ್ತದೆ. ಸದ್ದಿನೊಳಗೆ ಆಡಿದ್ದು ಕಾರಣಿಕವಲ್ಲ, ಬರೀ ಮಾತು. ಈ ಒಂದು ಲೆಕ್ಕಾಚಾರದ ಮೇಲೆ ಅವನು ಎರಡು ವರ್ಷ ಕಣ್ತುಂಬ ನಿದ್ದೆ ಮಾಡಿದ್ದ.

ಮೌನದಲ್ಲಿ ಆಡಿದ ಮಾತು ಏನು ಮಾಡುತ್ತದೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಕುಬಿಹಾಳದಲ್ಲಿ ಅವನ ಅಪ್ಪನೇ ಕಾರಣಿಕ ನುಡಿಯುತ್ತಿದ್ದ. ಒಂದು ವರ್ಷ "ಬೆಳ್ಳಿ ಕುದುರಿ ಬೇಲಿ ಜಿಗಿದೀತಲೇ ಪರಾಕ್" ಎಂದು ನುಡಿದಾಗ ಊರವರು ಒಳ್ಳೆಯ ಮಳೆ ಎಂದು ಕುಣಿದಿದ್ದರು. ಆ ವರ್ಷ ಬೆಣ್ಣಿಹಳ್ಳ ದಂಡೆ ಜಿಗಿದು ಬಂತು. ಕುರಿಗಳ ಜೊತೆ ಹಟ್ಟಿಯಲ್ಲಿ ಮಲಗಿದ್ದ ಅಪ್ಪನ ಸ್ವಂತ ತಂಗಿ ಸಣ್ಣವ್ವನನ್ನೂ ಒಯ್ದಿತು. ಅಪ್ಪ ಆಮೇಲೆ ಬಿಲ್ಲು ಏರಲಿಲ್ಲ. ಸಾಯುವ ಮುಂಚೆ ಒಂದೇ ಮಾತು ಹೇಳಿದ್ದ: "ಸದ್ದಲೇ ಅಂದ ಮ್ಯಾಲೆ ಸುಮ್ಮನ ಇಳೀಬ್ಯಾಡ ತಮ್ಮಾ. ಆಡದ ಮಾತು ಮನಿ ಹೊಕ್ಕತೈತಿ."

ಮಗಳು ನೀಲಾಳಿಗೆ ಎರಡು ಸಲ ಬಸಿರು ನಿಂತಿರಲಿಲ್ಲ, ಎರಡನೆಯದು ಏಳು ತಿಂಗಳಿಗೆ ಹೋಗಿತ್ತು. ಇದು ಮೂರನೆಯದು, ದಿನ ತುಂಬಿ ಮುಂಜಾನೆಯಿಂದ ಹೆರಿಗೆಯ ಬ್ಯಾನಿ ತಿನ್ನುತ್ತಿದ್ದಳು. "ಇಲ್ಲಿ ನಿಂತ ಏನ ಮಾಡ್ತೀರಿ, ಕೆಲಸಕ್ಕ ಹೋಗ್ರಿ, ಫೋನ್ ಮಾಡ್ತೀನಿ" ಎಂದು ಹನಮವ್ವ ಹುಬ್ಬಳ್ಳಿಯ ದವಾಖಾನೆಯಿಂದ ಅವನನ್ನು ಅಟ್ಟಿದ್ದಳು. ತುಂಬಿದ ಕೊಡ. ಆ ಸಾಲು ಓದಿದಾಗಿನಿಂದ ಅವನಿಗೆ ಮಗಳ ತುಂಬಿದ ಬಸಿರೇ ಕಣ್ಣ ಮುಂದೆ ಬರುತ್ತಿತ್ತು. ಇರಲಿ, ಇಷ್ಟು ಗದ್ದಲದಲ್ಲಿ ಯಾವ ದೇವರು ಕೇಳಿಸಿಕೊಳ್ಳುತ್ತಾನೆ ಎಂದು ತನಗೆ ತಾನೇ ಹೇಳಿಕೊಂಡ. ಫೋನನ್ನು ಗಂಗಾಳ ಬಳಿ ಇಟ್ಟು, ಪ್ಲಾಸ್ಟಿಕ್ ಕೂದಲಿನ ಟೊಪ್ಪಿಗೆ ಏರಿಸಿ, ಕರಿ ಕಂಬಳಿ ಹೊದ್ದು ಮೆಟ್ಟಿಲು ಹತ್ತಿದ.

"ಸದ್ದಲೇ!"

ಅಂದದ್ದೇ ತಡ, ಕರೆಂಟು ಹೋಯಿತು.

ಹಾಡು ನಿಂತಿತು, ಫ್ಯಾನು ನಿಂತವು, ಬಾರಿನ ಟಿವಿ ನಿಂತಿತು. ಒಡನೆ ಗುಡುಗಬೇಕಿದ್ದ ಜನರೇಟರು ಗುಡುಗಲಿಲ್ಲ. ಆಟದ ಭಾಗವೇ ಇರಬೇಕೆಂದು ಜನ ಬಾಯಿ ಮುಚ್ಚಿ ಕೂತರು. ತಾಯಂದಿರು ಮಕ್ಕಳ ಬಾಯಿಗೆ ಕೈ ಅಡ್ಡ ಇಟ್ಟರು. ಕೊನೆಗೆ, ಎರಡು ವರ್ಷದಲ್ಲಿ ಒಮ್ಮೆಯೂ ನಿಲ್ಲದಿದ್ದ ಗಂಗಾಳ ಕೈಯೂ ನಿಂತಿತು.

ಲಕ್ಷ್ಮಪ್ಪನಿಗೆ ತನ್ನ ಉಸಿರು ಕೇಳಿಸಿತು. ಅವನಿಗೆ ಹೆದರಿಕೆಯಾಯಿತು, ಬೆಣ್ಣಿಹಳ್ಳ ಬಂದ ರಾತ್ರಿ ಮಾಳಿಗೆ ಮೇಲೆ ನಿಂತಾಗ ಆದಂಥ ಹೆದರಿಕೆ. ಚೀಟಿಯ ಮಾತು ಆಡುವಂತಿಲ್ಲ. ಆಡದೆ ಇಳಿಯುವಂತಿಲ್ಲ. ಒಳ್ಳೆಯದೊಂದನ್ನು ತಾನೇ ಕಟ್ಟಿ ಹೇಳೋಣವೆಂದರೆ, ಕಾರಣಿಕ ಕಟ್ಟುವಂಥದ್ದಲ್ಲ, ಬರುವಂಥದ್ದು. ಹೊಟ್ಟೆಯಲ್ಲಿ ಎರಡು ರೊಟ್ಟಿ ಬೇರೆ. ಕೆಳಗೆ ಒಂದೊಂದಾಗಿ ಮೊಬೈಲಿನ ಬೆಳಕು ಹೊತ್ತಿ ಅವನತ್ತ ತಿರುಗಿದವು.

"ಹೇಳ್ರಿ ಕಾಕಾ," ಕತ್ತಲಲ್ಲಿ ಶಿವಾಜಿ ಪಿಸುಗುಟ್ಟಿದ.

ಬಾಯಿ ತೆರೆಯಿತು. ತಾನು ತೆರೆದದ್ದೋ, ತಾನಾಗಿ ತೆರೆದದ್ದೋ ಅವನಿಗೆ ಆಮೇಲೂ ತಿಳಿಯಲಿಲ್ಲ.

"ಕೂಸು ಅತ್ತೀತಲೇ ಪರಾಕ್!"

ಜನ ಚಪ್ಪಾಳೆ ತಟ್ಟಿದರು. ದೀಪ ಬಂತು, ಹಾಡು ಬಂತು. ಮೆಟ್ಟಿಲ ನಡುವೆ ಲಕ್ಷ್ಮಪ್ಪ ಗಕ್ಕನೆ ನಿಂತ. ಎಂಥ ಮಾತು ಆಡಿಬಿಟ್ಟೆ! ತಾಯಿ ಇದ್ದ ಕೂಸೂ ಅಳುತ್ತದೆ, ತಾಯಿ ಹೋದ ಕೂಸೂ ಅಳುತ್ತದೆ. ಅಪ್ಪನ ಬೆಳ್ಳಿ ಕುದುರೆಯೂ ಕೇಳಲು ಚೆಂದವೇ ಇತ್ತು.

ಗಂಗಾ ಹಿಟ್ಟಿನ ಕೈಯಲ್ಲೇ ಫೋನು ಹಿಡಿದು ಓಡಿ ಬಂದಳು. ಆಚೆಯಿಂದ ಹನಮವ್ವ ಒಂದೇ ಉಸಿರಿಗೆ ಹೇಳುತ್ತಿದ್ದಳು: "ಹೆಣ್ಣ ಕೂಸ್ರಿ! ಹುಟ್ಟಿದಾಗ ಅಳಲೇ ಇಲ್ಲ. ಮೈ ನೀಲಿಗಟ್ಟಿತ್ತು. ಡಾಕ್ಟರಮ್ಮ ಬೆನ್ನ ತಿಕ್ಕಿ ತಿಕ್ಕಿ ಸಾಕಾದ್ಲು, ಆಮ್ಯಾಲೆ ಒಮ್ಮಿಂದೊಮ್ಮೆಲೆ ಚೀರಿತು ನೋಡ್ರಿ..."

"ನೀಲಾ?"

ಆಚೆ ಏನೋ ಗದ್ದಲ. ಹನಮವ್ವನಿಗೆ ಕೇಳಿಸಲಿಲ್ಲ.

"ನೀಲಾ ಹೆಂಗದಾಳ ಹೇಳ ಬೇ!"

"ಅರಾಮ ಅದಾಳ. ಚಾ ಕೇಳಾಕತ್ತಾಳ."

ಅವನು ಚಕ್ಕಡಿಯ ಮೂಕಿಯ ಮೇಲೆ ಕುಸಿದು ಕೂತ. ಕಂಬಳಿಯಿಂದ ಕಣ್ಣು ಒರೆಸಿಕೊಂಡ. ಕೂಸು ಅತ್ತದ್ದು ಎಷ್ಟು ಹೊತ್ತಿಗೆ ಎಂದು ಕೇಳಲು ಬಾಯಿ ತುದಿಗೆ ಬಂತು. ಕೇಳುವ ಧೈರ್ಯ ಬರಲಿಲ್ಲ.

ಅಷ್ಟರಲ್ಲಿ ಶಿವಾಜಿ ಬಂದು ಭುಜ ತಬ್ಬಿದ. "ಏನ್ ಕಾಕಾ! ಚೀಟಿ ಬಿಟ್ಟು ಬ್ಯಾರೇನ ಹೇಳಿದ್ರಿ, ಆದ್ರ ಮಂದಿ ಅಗದಿ ಗಪ್ ಆಗಿಬಿಟ್ರಲ್ರಿ! ಎಲ್ಲಾರೂ ವಿಡಿಯೋ ಮಾಡ್ಯಾರ. ನಾಳಿಂದ ದಿನಾ ಎಂಟಕ್ಕ ನಾವ ಕರೆಂಟ್ ತಗಿಯೂಣು. ಪೂರಾ ಸೈಲೆಂಟ್."

"ಬ್ಯಾಡ್ರಿ ಸಾಹೇಬ್ರ. ನಾ ಏರಂಗಿಲ್ರಿ."

"ನೀವು ಒಲ್ಲೆ ಅಂದ್ರ ಹುಬ್ಬಳ್ಳ್ಯಾಗಿನ ನಾಟಕದ ಹುಡುಗೂರು ತಯಾರದಾರ. ಬಾಯಿಗಿ ಬಂದಿದ್ದು ಹೇಳ್ತಾರ ಅವ್ರು." ಶಿವಾಜಿ ನಗುತ್ತ ಮಡಿಚಿದ ಚೀಟಿಯೊಂದನ್ನು ಅವನ ಕೈಗೆ ತುರುಕಿದ. "ನಾಳೀದು ಈಗ್ಲೇ ಬರ್ದಿಟ್ಟೀನಿ."

ಲಕ್ಷ್ಮಪ್ಪ ಅದನ್ನು ಬಿಚ್ಚಲಿಲ್ಲ. ಮುಷ್ಟಿಯಲ್ಲಿ ಹಿಡಿದುಕೊಂಡೇ ಒಲೆಯ ಬಳಿ ಹೋಗಿ ನಿಂತ.

"ಗಂಗಾ, ನೀ ಯಾಕ ನಿಲ್ಲಿಸಿದಿ?"

"ನೀವು ಸದ್ದಲೇ ಅಂದ್ರಿ, ಕತ್ತಲಿ ಆತು. ಮೈ ಜುಂ ಅಂತು ಕಾಕಾ."

"ನಾಳಿ ನಿಲ್ಲಿಸಬ್ಯಾಡವ್ವ. ದೀಪ ಹೋದ್ರೂ ಬಡಿ."

"ಕತ್ತಲ್ಯಾಗ ರೊಟ್ಟಿ ಹರೀತಾವ್ರಿ."

"ಹರೀಲಿ. ಹಿಟ್ಟ ಇಲ್ದಿದ್ರೂ ನಡೀತೈತಿ. ಬರೇ ಹಲಗಿ ಬಡಿ, ಸದ್ದು ನಿಲ್ಲಬಾರ್ದು."

ಗಂಗಾ ಅವನ ಮುಖ ನೋಡಿದಳು. ಹಿಟ್ಟಿನ ಮುದ್ದೆಯನ್ನು ಬದಿಗೆ ಸರಿಸಿ, ಹಲಗೆ ಒರೆಸಿ, ಅಂಗೈಯಿಂದ ನಾಲ್ಕು ಪೆಟ್ಟು ಹಾಕಿದಳು.

"ಇಷ್ಟ ಸಾಕೇನ್ರಿ?"

"ಇನ್ನಷ್ಟು ಜೋರ."

ಅವಳು ತೋಳು ಏರಿಸಿ ಖಾಲಿ ಹಲಗೆಯನ್ನು ಬಡಿಯತೊಡಗಿದಳು. ಲಕ್ಷ್ಮಪ್ಪ ಕಣ್ಣು ಮುಚ್ಚಿ ಕೇಳುತ್ತ ನಿಂತ.