ಕಟ್ಟೆಯ ಎತ್ತರ

"ಒಡೀರಿ ಅಂದೆನಲ್ಲ."

ಮೇಸ್ತ್ರಿ ಸುತ್ತಿಗೆ ಹಿಡಿದುಕೊಂಡೇ ಅಡುಗೆ ಕಟ್ಟೆಯನ್ನು ನೋಡಿದ. ಆಮೇಲೆ ಅವಳನ್ನು ನೋಡಿದ. ಕಟ್ಟೆ ಅವಳ ಸೊಂಟಕ್ಕೆ ಸರಿಯಾಗಿತ್ತು, ಅವನ ಮೊಣಕಾಲಿಗಿಂತ ತುಸು ಮೇಲೆ.

"ಎತ್ತರ ಮಾಡಿದ್ರೆ ನಿಮಗೆ ಎಟುಕೋದಿಲ್ವಲ್ಲ ಡಾಕ್ಟರಮ್ಮ?"

"ಅಡುಗೆ ಮಾಡೋದು ನಾನಲ್ಲ, ನಮ್ಮಮ್ಮ."

"ಒಡೆಯೋದ್ಯಾಕೆ, ಕಲ್ಲು ಚೆನ್ನಾಗಿದೆ. ಎಬ್ಬಿಸಿ ಕೆಳಗೆ ಇಟ್ಟಿಗೆ ಕೊಟ್ರಾಯ್ತು. ಸಂಜೆಗೆ ಮುಗಿಸ್ತೀನಿ."

ಅವಳಿಗೆ ನಿರಾಸೆಯಾಯಿತು. ಏನಾದರೂ ಒಡೆಯುವ ಸದ್ದು ಕೇಳಬೇಕೆಂದೇ ಬೆಳಿಗ್ಗೆ ಬೇಗ ಎದ್ದಿದ್ದಳು.

"ಎಷ್ಟೆತ್ತರ?"

"ಪಕ್ಕದ ಮನೆಯದಕ್ಕಿಂತ ನಾಲ್ಕು ಬೆರಳು ಜಾಸ್ತಿ. ಅಮ್ಮ ಉದ್ದ."

ನಿಜ. ನೆಂಟರಿಷ್ಟರಲ್ಲಿ ಅಮ್ಮನಿಗೆ ಏಣಿ ಎಂದೇ ಅಡ್ಡಹೆಸರು. ಏಣಿ ಅತ್ತಿಗೆ, ಏಣಿ ಚಿಕ್ಕಮ್ಮ.

ಒಳಕೋಣೆಯ ಮಂಚದಿಂದ ಅಮ್ಮನ ದನಿ ಬಂತು. "ಸುಮ್ನಿರಬಾರದೇನೇ? ನಂಗೆ ಅಭ್ಯಾಸ ಆಗ್ಹೋಗಿದೆ."

"ಆ ಅಭ್ಯಾಸಾನೇ ರೋಗ ಅಮ್ಮ," ಎಂದು ಚಪ್ಪಲಿ ಮೆಟ್ಟಿದಳು.

ಅವಳು ಇನ್ನು ಬೆಳೆಯುವುದಿಲ್ಲ ಎಂದು ವೈದ್ಯರು ಹೇಳಿದ ವರ್ಷವೇ ಅಪ್ಪ ಮನೆಯನ್ನೆಲ್ಲ ಕೆಳಗಿಳಿಸಿದ್ದರು. ಸ್ವಿಚ್ಚು, ಚಿಲಕ, ನಲ್ಲಿ, ಕನ್ನಡಿ, ಕೊನೆಗೆ ಒಲೆ ಇಡುವ ಈ ಕಟ್ಟೆ. ನನ್ನ ಮಗಳು ಹೊರಗೆ ಎಲ್ಲರ ಮುಂದೆ ಕತ್ತೆತ್ತಲಿ, ಮನೆಯೊಳಗೆ ಬೇಡ ಎಂದಿದ್ದರಂತೆ. ಮಗಳು ಓದಿದಳು, ಡಾಕ್ಟರಾದಳು. ಆ ಒಲೆಯನ್ನು ಹಚ್ಚಿದ್ದು ಮಾತ್ರ ಅಪರೂಪ. ಅಪ್ಪ ತೀರಿಕೊಂಡರು. ಅಮ್ಮ ಬಗ್ಗಿ ಬಗ್ಗಿ ಬೇಯಿಸುತ್ತಲೇ ಇದ್ದಳು.

ಹೋದ ವಾರ ಮೂಳೆ ಡಾಕ್ಟರ್, ಅವಳ ಸಹಪಾಠಿಯೇ, ಅಮ್ಮನ ಬೆನ್ನು ತಡವಿ ಕೇಳಿದ್ದ: "ಗದ್ದೆ ಕೆಲಸವಾ ಅಮ್ಮ? ಬಗ್ಗಿ ಮಾಡೋ ಕೆಲಸ?" ಅಮ್ಮ "ಅಡುಗೆ" ಎಂದಳು. ಅವನು ನಕ್ಕ. "ಅಡುಗೆ ನಿಂತ್ಕೊಂಡು ಮಾಡ್ತಾರಲ್ಲಮ್ಮ!"

ಅವಳಿಗೆ ನಗು ಬರಲಿಲ್ಲ. ದಿನವೂ ಕಣ್ಣ ಮುಂದಿದ್ದ ಬೆನ್ನು. ಛೇ, ಇನ್ನೊಬ್ಬರ ಮಕ್ಕಳ ಬೆನ್ನನ್ನು ಎಕ್ಸ್‌ರೇ ಫಿಲ್ಮ್ ಹಿಡಿದು ನೋಡುವವಳು!

ಇವತ್ತೂ ಆಸ್ಪತ್ರೆಯ ಅವಳ ಕೋಣೆಯ ಬಾಗಿಲಲ್ಲಿ ಎಂದಿನಂತೆ ಒಂದು ಜೋಡಿ ನಿಂತುಬಿಟ್ಟಿತು. ಗಂಡ ಅವಳ ತಲೆಯ ಮೇಲಿನಿಂದ ಗೋಡೆಯವರೆಗೂ ನೋಡಿದ. "ಡಾಕ್ಟರಿಲ್ವಾ?"

"ಇದೀನಿ. ಕೂತ್ಕೊಳ್ಳಿ."

ಗಂಡ ಬಸ್ ಡ್ರೈವರ್. ಹೆಂಡತಿಯ ಮಡಿಲಲ್ಲಿ ಹೆಣ್ಣುಮಗು. ದೊಡ್ಡ ಹಣೆ, ಗಿಡ್ಡ ತೋಳು. ಅವಳು ಮೇಜು ಸುತ್ತಿ ಬಂದು ಮಗುವಿನ ಬೆರಳು ಬಿಡಿಸಿ ನೋಡಿದಳು. ತನ್ನದೇ ಕೈ.

"ಅತ್ತೆ ನನ್ನದೇ ತಪ್ಪು ಅಂತಾರೆ," ಎಂದಳು ತಾಯಿ. "ಬಸುರಿಯಾಗಿದ್ದಾಗ ಸರಿಯಾಗಿ ತಿನ್ಲಿಲ್ಲ ಅಂತ."

"ಯಾರದೂ ತಪ್ಪಲ್ಲ. ಮೂಳೆ ಬೆಳೆಸೋ ಜೀನಿನಲ್ಲಿ ಒಂದೇ ಒಂದು ಅಕ್ಷರ ಬದಲಾಗಿದೆ, ತಾನಾಗೇ. ಅಪ್ಪ ಅಮ್ಮ ಉದ್ದ ಇದ್ರೂ ಆಗುತ್ತೆ. ನಮ್ಮನೇಲೂ ಇಬ್ಬರೂ ಉದ್ದ."

"ಉದ್ದ ಆಗೋಕೆ ಇಂಜೆಕ್ಷನ್ ಇದೆಯಂತಲ್ಲ ಮೇಡಂ?"

"ಕುಬ್ಜತೇಲಿ ನೂರಾರು ಬಗೆ ಇದೆ. ಹಾರ್ಮೋನ್ ಕಡಿಮೆಯಾಗಿ ಬೆಳೀದೇ ಇರೋ ಮಕ್ಕಳಿಗೆ ನೀವು ಹೇಳೋ ಇಂಜೆಕ್ಷನ್. ಇವಳದು ಮೂಳೆಯದು. ಇದಕ್ಕೂ ಹೊಸ ಔಷಧಿ ಬಂದಿದೆ, ಸ್ವಲ್ಪ ಬೆಳೆಸುತ್ತೆ, ಪವಾಡ ಮಾಡಲ್ಲ. ಕಾಲಿನ ಮೂಳೆ ಕತ್ತರಿಸಿ ನಿಧಾನವಾಗಿ ಎಳೆಯೋ ಆಪರೇಷನ್ನೂ ಇದೆ. ತುಂಬಾ ನೋವು. ಅದನ್ನ ದೊಡ್ಡವಳಾದ ಮೇಲೆ ಅವಳೇ ತೀರ್ಮಾನ ಮಾಡ್ಲಿ. ಈಗ ಉಸಿರಾಟ ನೋಡ್ಕೊಳ್ಳಿ. ಕತ್ತಿಗೆ ಆಸರೆ ಕೊಡಿ. ಬೇಗ ಕೂರಿಸೋಕೆ ಹೋಗ್ಬೇಡಿ, ಬೆನ್ನು ಬಾಗಿಬಿಡುತ್ತೆ."

ಬೆನ್ನು ಎಂದವಳು ಲೋಟ ಎತ್ತಿಕೊಂಡು ನೀರು ಕುಡಿದಳು.

ಡ್ರೈವರ್ ಮುಖ ಅರಳಿಸಿದ. "ನಾನೊಂದು ಯೋಚನೆ ಮಾಡಿದೀನಿ ಮೇಡಂ. ಮನೇಲಿ ಎಲ್ಲಾ ಕೆಳಗಿಳಿಸಿಬಿಡ್ತೀನಿ. ಸ್ವಿಚ್ಚು, ನಲ್ಲಿ, ಅಡುಗೆ ಕಟ್ಟೆ. ನನ್ನ ಮಗಳು..."

"ಅಡುಗೆ ಯಾರು ಮಾಡ್ತಾರೆ?"

"ಇವಳು."

"ಹಾಗಾದ್ರೆ ಕಟ್ಟೆ ಮುಟ್ಟಬೇಡಿ!"

ಮಗು ಬೆಚ್ಚಿ ಅಳತೊಡಗಿತು. ದನಿ ಏರಿದ್ದು ಅವಳಿಗೂ ತಿಳಿಯಿತು. "ಸ್ವಿಚ್ಚು ಇಳಿಸಿ, ಒಳ್ಳೇದು. ಮಗೂಗೆ ಹತ್ತೋಕೆ ಮೆಟ್ಟಿಲು ಮಾಡಿಸ್ಕೊಡಿ. ಹೆಂಡತೀನ ಬಗ್ಗಿಸ್ಬೇಡಿ." ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. ಈ ಡಾಕ್ಟರಿಗೆ ತಲೆ ನೆಟ್ಟಗಿಲ್ಲ ಎಂದುಕೊಂಡಿರಬೇಕು. ಅಂದುಕೊಳ್ಳಲಿ. ಒಬ್ಬಳ ಬೆನ್ನಾದರೂ ಉಳಿಯಿತು. ಇನ್ನೊಬ್ಬಳದೂ ಇವತ್ತಿನಿಂದ ಸರಿಹೋಗಬೇಕು, ಹೋಗಿಯೇ ತೀರಬೇಕು. ದಾರಿಯುದ್ದಕ್ಕೂ ಅವಳು ಅದನ್ನೇ ಹಟ ಹಿಡಿದು ಯೋಚಿಸಿದಳು.

ಮನೆಗೆ ಬಂದಾಗ ಮೇಸ್ತ್ರಿ ಕೈ ತೊಳೆಯುತ್ತಿದ್ದ. "ನಾಳೆವರೆಗೂ ಭಾರ ಇಡ್ಬೇಡಿ, ಹಸಿ ಇದೆ," ಎಂದು ಹೇಳಿ ಹೊರಟುಹೋದ.

ಕಟ್ಟೆ ಅವಳ ಎದೆಯವರೆಗೆ ಬಂದಿತ್ತು. ಈ ಮನೆಯಲ್ಲಿ ಮೊದಲ ಸಲ ಅವಳು ಕಟ್ಟೆಯ ಆಚೆ ಅಂಚನ್ನು ಮುಟ್ಟಲು ಹಿಮ್ಮಡಿ ಎತ್ತಿದಳು. ಖುಷಿಯಾಯಿತು. ಹೀಗೇ ಇರಬೇಕಿತ್ತು, ಮೊದಲಿನಿಂದಲೂ.

"ಅಮ್ಮಾ, ಬಾ ಇಲ್ಲಿ. ನಿಂತು ನೋಡು."

ಅಮ್ಮ ಗೋಡೆ ಹಿಡಿದುಕೊಂಡು ಬಂದಳು. ಕಟ್ಟೆಯ ಮುಂದೆ ನಿಂತಳು. ಕಲ್ಲಿನ ಅಂಚು ಅವಳ ಎದೆಗೂ ತಾಗಿತು. ಮೊಣಕೈ ಮೇಲೆತ್ತಿ ಅಂಗೈಯನ್ನು ಕಲ್ಲಿನ ಮೇಲಿಡಲು ನೋಡಿದಳು, ಭುಜ ನೋವಾಗಿ ಇಳಿಸಿದಳು. ಮುಖ ಮೇಲೆತ್ತಲು ಕತ್ತನ್ನು ಪಕ್ಕಕ್ಕೆ ತಿರುಗಿಸಬೇಕಾಯಿತು.

"ಚೆನ್ನಾಗಿದೆ ಕಣೇ."

"ಹಾಗಲ್ಲ ಅಮ್ಮ. ನೆಟ್ಟಗೆ ನಿಂತ್ಕೋ."

ಅಮ್ಮ ಸೆರಗು ಸರಿಮಾಡಿಕೊಂಡಳು.

"ನೆಟ್ಟಗೆ ನಿಂತ್ಕೋ ಅಂದೆ!" ಅವಳು ಎರಡೂ ಕೈಯಿಂದ ಅಮ್ಮನ ಬೆನ್ನನ್ನು ಒತ್ತಿದಳು. ಸೀರೆಯ ಕೆಳಗೆ ಬಾಗಿದ ಮೂಳೆಗಳು ಗಟ್ಟಿಯಾಗಿದ್ದವು, ಕದಲಲಿಲ್ಲ. ಇನ್ನೂ ಒತ್ತಿದಳು.

"ನಿಂತಿದೀನಲ್ಲೇ," ಎಂದಳು ಅಮ್ಮ.

ಅವಳ ಕೈ ಅಲ್ಲೇ ಉಳಿಯಿತು. ಅಕ್ಕಪಕ್ಕದಲ್ಲಿ ಎರಡು ತಲೆಗಳು, ಒಂದೇ ಮಟ್ಟದಲ್ಲಿ. ಎದುರಿಗೆ, ಕಲ್ಲಿನ ಕೆಳಗೆ, ಹಸಿ ಸಿಮೆಂಟಿನ ಗೆರೆ ಮೂಲೆಯಿಂದ ಬೆಳ್ಳಗಾಗುತ್ತ ಒಣಗುತ್ತಿತ್ತು.