ಕಂಬಳಿಯ ತೂಕ

ಅವನಿಗೆ ಗೊತ್ತಾಗಿಬಿಟ್ಟಿತ್ತೇ? ಗೊತ್ತಾಗಿ, ಸಾಯುವ ಮುಂಚೆ ಬೇಕೆಂದೇ ಇಂಥದ್ದೊಂದು ಏರ್ಪಾಡು ಮಾಡಿಟ್ಟು ಹೋದನೇ? ಅದಕ್ಕೆ ಹೇಸುವ ಮನುಷ್ಯನಲ್ಲ ಮರಿಸ್ವಾಮಿ.

ಹೂವಿನ ಹಾರ ಹಿಡಿದುಕೊಂಡು ರಘೋತ್ತಮ ಹೊಸೂರಿನ ಆಲಸನತ್ತಂನ ಆ ಬೀದಿಯ ತಿರುವಿನಲ್ಲೇ ನಿಂತ. ಮುಂದೆ ಮರಿಸ್ವಾಮಿಯ ಮನೆಯ ಕಾಂಪೌಂಡಿಗೆ ಎಂಟಡಿ ಎತ್ತರದ ಫ್ಲೆಕ್ಸ್ ಕಟ್ಟಿದ್ದರು. ಮೇಲೆ ತಮಿಳಿನಲ್ಲಿ ಕಣ್ಣೀರಿನ ಅಂಜಲಿ, ಕೆಳಗೆ ಕನ್ನಡದಲ್ಲಿ ಹೆಸರು, ಎರಡು ತಾರೀಕು. ಎಡಗಡೆ ಮರಿಸ್ವಾಮಿಯ ಮುಖ, ಯಾರಿಗೋ ಬೈಯಲು ಬಾಯಿ ತೆರೆಯುವವನ ಹಾಗೆ. ಬಲಗಡೆ ಅಷ್ಟೇ ಎತ್ತರಕ್ಕೆ ಕಾಮಿಕ್ಸಿನ ಸೂಪರ್‌ಹೀರೊ ಕರಿಕಂಬಳಿ. ಬಂಡೆಯ ತುದಿಯಲ್ಲಿ ಒಂಟಿಕಾಲೂರಿ ನಿಂತಿದ್ದ. ಹೆಗಲ ಕಂಬಳಿ ಬಾವುಟದಂತೆ ಅರ್ಧ ಆಕಾಶ ತುಂಬಿ ಹಾರುತ್ತಿತ್ತು.

ಇಪ್ಪತ್ತು ವರ್ಷದ ಹಿಂದೆ ಆ ಚಿತ್ರ ಬರೆದವನು ರಘೋತ್ತಮ. ಕೆಳಗೆ ಹಾಕುತ್ತಿದ್ದ ಹೆಸರು ಚಂಚಲ. ಕಾರ್ಖಾನೆಯಲ್ಲಿದ್ದುಕೊಂಡು ಹೊರಗಿನ ಕೆಲಸ ಮಾಡಬಾರದೆಂಬ ನಿಯಮವಿತ್ತು. ಹಾಗಾಗಿ ವಿಷಯ ಗೊತ್ತಿದ್ದದ್ದು ಅವನ ಹೆಂಡತಿಗೆ ಮತ್ತು ಕರಿಕಂಬಳಿ ಮಾಸಿಕದ ಬೆಂಗಳೂರಿನ ಸಂಪಾದಕರಿಗೆ ಮಾತ್ರ.

ಫ್ಲೆಕ್ಸಿನ ಮುಂದೆ ಜಗಳ ನಡೆಯುತ್ತಿತ್ತು. ಕೆಲಮಂಗಲದಲ್ಲಿ ಪುಸ್ತಕದಂಗಡಿ ಇಟ್ಟಿರುವ ಆವುಲಪ್ಪ, ಕರಿಕಂಬಳಿ ಅಭಿಮಾನಿಗಳ ವಾಟ್ಸಾಪ್ ಗುಂಪಿನ ಇನ್ನಿಬ್ಬರನ್ನು ಕರೆದುಕೊಂಡು ಬಂದಿದ್ದ. ಅವನ ಒಂದು ಕೈ ಫ್ಲೆಕ್ಸಿನ ಹಗ್ಗದ ಮೇಲಿತ್ತು. ಮರಿಸ್ವಾಮಿಯ ಮಗಳು ಮಾಲಿನಿ ಅಡ್ಡ ನಿಂತಿದ್ದಳು.

"ಬಿಚ್ಚಾಕವ್ವ ಇದ್ನ. ನಿಮ್ಮಪ್ಪ ಈ ಚಿತ್ರ ಕಂಡ್ರೆ ಉಗೀತಿದ್ದ. ಪಕ್ಕದಾಗೆ ನಿಲ್ಸಿದ್ದೀಯಲ್ಲ."

"ಮುಟ್ಟಿ ನೋಡಿ," ಎಂದಳು ಮಾಲಿನಿ. "ಅಪ್ಪ ಇದ್ದಾಗ ಹಗಲೆಲ್ಲ ಫೋನಲ್ಲಿ ಕಿತ್ತಾಡಿ ಅವರ ಬಿ.ಪಿ. ಏರಿಸಿದ್ದು ಸಾಲ್ದಾ?"

ರಘೋತ್ತಮನನ್ನು ಕಂಡು ಅವಳು ನ್ಯಾಯ ಕೇಳುವವಳಂತೆ ತಿರುಗಿದಳು. "ನೀವೇ ಹೇಳಿ ಅಂಕಲ್. ಅಪ್ಪಂಗೆ ಇಷ್ಟವಾದ ಚಿತ್ರ ಹಾಕೋಣ ಅಂತ ಫೋನ್ ನೋಡಿದೆ. ಇದೊಂದೇ ಅರವತ್ತು ಸಲ ಇತ್ತು. ಬೇರೆ ಯಾವುದೂ ಎರಡು ಸಲಾನೂ ಇಲ್ಲ. ಕೆಲವಕ್ಕೆ ಕೆಂಪಲ್ಲಿ ಏನೇನೋ ಗುರುತು ಹಾಕಿದ್ರು. ಗುರುತಿಲ್ಲದ್ದು ಒಂದು ಹುಡುಕಿ ಕೊಟ್ಟೆ."

ಹಾಗಾದರೆ ಅವನಿಗೆ ಗೊತ್ತಿರಲಿಲ್ಲ. ರಘೋತ್ತಮನಿಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ.

*

ಟೂಲ್‌ರೂಮಿನಲ್ಲಿ ಮರಿಸ್ವಾಮಿ ಫಿಟ್ಟರ್, ಮೇಲಿನ ಮಹಡಿಯಲ್ಲಿ ರಘೋತ್ತಮ ಡ್ರಾಫ್ಟ್ಸ್‌ಮನ್. ಇಪ್ಪತ್ತಾರು ವರ್ಷ ಇವನು ಬರೆದದ್ದನ್ನು ಅವನು ಕಬ್ಬಿಣದಲ್ಲಿ ಮಾಡಿದ, ಮಾಡುವ ಮುಂಚೆ ತಪ್ಪು ಹುಡುಕಿದ. ಎಣ್ಣೆ ಹತ್ತಿದ ಬೆರಳಿನಿಂದ ಹಾಳೆಯ ಮೇಲೆ ಒತ್ತಿ, "ಐನೋರೆ, ಇದು ನಿಲ್ಲಲ್ಲ," ಎನ್ನುತ್ತಿದ್ದ. ಸುತ್ತಲಿನವರು ನಗುತ್ತಿದ್ದರು. ಹತ್ತರಲ್ಲಿ ಎಂಟು ಸಲ ಅವನು ಹೇಳಿದ್ದೇ ಸರಿಯಾಗಿರುತ್ತಿತ್ತು. ಅದಕ್ಕೇ ರಘೋತ್ತಮನಿಗೆ ಅವನನ್ನು ಕಂಡರಾಗುತ್ತಿರಲಿಲ್ಲ.

ಮಧ್ಯಾಹ್ನದ ಊಟಕ್ಕೆ ಮಾತ್ರ ಇಬ್ಬರೂ ಒಂದೇ ಬೆಂಚು. ಇಬ್ಬರೂ ಕರಿಕಂಬಳಿ ಓದುವವರೆಂಬುದು ಕಾರ್ಖಾನೆಗೆಲ್ಲ ತಿಳಿದಿತ್ತು. ಆ ಹೀರೊನನ್ನು ಹುಟ್ಟಿಸಿದ್ದು ಮುತ್ತರಾಯಪ್ಪ ಎಂಬ ಹಿರಿಯ ಚಿತ್ರಕಾರ. ಅವರ ಕಣ್ಣು ಹೋದ ಮೇಲೆ ಸಂಪಾದಕರು ಕೆಲಸವನ್ನು ಚಂಚಲನಿಗೆ ಕೊಟ್ಟರು. ಮೊದಲ ಸಂಚಿಕೆ ಬಂದ ದಿನ ಮರಿಸ್ವಾಮಿ ಪುಸ್ತಕವನ್ನು ಬುತ್ತಿಯ ಪಕ್ಕ ಕವುಚಿಹಾಕಿದ.

"ಮುತ್ತರಾಯಪ್ಪ ಮೂರು ಗೆರೆ ಎಳೆದ್ರೆ ಕಂಬ್ಳಿ ಭುಜದ್ಮೇಲೆ ಕೂತ್ಕಂತಿತ್ತು. ಇವ್ನ್ಯಾವನೋ ಸೀರೆ ಒಣಗಾಕವ್ನೆ. ಕಂಬ್ಳಿ ಹಾರಲ್ಲ ಐನೋರೆ."

"ಹಾರಿದರೇನು? ನೋಡೋಕೆ ಚೆನ್ನಾಗಿದೆ. ಸೂಪರ್‌ಹೀರೊ ಅಲ್ಲವೇ," ಎಂದ ರಘೋತ್ತಮ.

"ಹೀರೊ ಹಾರ್ಲಿ. ಕಂಬ್ಳಿ ಯಾಕ್ ಹಾರ್ಬೇಕು?"

ಮರಿಸ್ವಾಮಿ ಜವಳಗಿರಿ ಕಡೆಯ ಕುರಿ ಸಾಕುವವರ ಮಗ. ಆಷಾಢದ ಗಾಳಿ ಜೋರಾಗಿದ್ದ ಒಂದು ದಿನ ತಂದೆಯ ಕಂಬಳಿಯನ್ನು ಕಾರ್ಖಾನೆಗೆ ತಂದ. ನೀರಿನ ಟ್ಯಾಂಕಿನ ಮೆಟ್ಟಿಲ ತುದಿಗೆ ಹತ್ತಿ, ಹೊದ್ದು, ಕೈ ಚಾಚಿ ನಿಂತ. ಕೆಳಗೆ ನೂರು ಜನ ಸೀಟಿ ಹೊಡೆದರು. ಅವನ ತಲೆಗೂದಲು ಹಾರಿತು, ಪ್ಯಾಂಟು ಬಡಿದಾಡಿತು. ಕಂಬಳಿಯ ಅಂಚು ಮಾತ್ರ ಒಂದು ಗೇಣು ಅಲುಗಿ ಸುಮ್ಮನಾಯಿತು. ಆಗ ಅಲ್ಲೇ ಕೆಲಸಕ್ಕಿದ್ದ ಆವುಲಪ್ಪ ಫೋಟೋ ತೆಗೆದ. ಅದನ್ನು ಲಗತ್ತಿಸಿ ಮರಿಸ್ವಾಮಿ ಸಂಪಾದಕರಿಗೆ ಪತ್ರ ಬರೆದ. ಚಂಚಲ ಎಂಬುವವನು ಜನ್ಮದಲ್ಲಿ ಕಂಬಳಿ ಹೊದ್ದವನಲ್ಲ, ತೂಕ ಗೊತ್ತಿಲ್ಲದವನ ಕೈಗೆ ಬ್ರಷ್ ಕೊಡಬೇಡಿ, ಎಂಬುದು ಅದರ ಸಾರಾಂಶ.

ಸಂಪಾದಕರು ಆ ಪತ್ರವನ್ನು ಚಂಚಲನಿಗೇ ಕಳಿಸಿದರು. ರಘೋತ್ತಮ ಅದನ್ನು ಎರಡು ಸಲ ಓದಿದ. ಮುಂದಿನ ತಿಂಗಳ ಚಿತ್ರದಲ್ಲಿ ಕಂಬಳಿ ಇನ್ನೂ ಎರಡು ಮೊಳ ಮೇಲೆ ಹಾರಿತು. ಮರಿಸ್ವಾಮಿ ಮತ್ತೆ ಬರೆದ. ಕಂಬಳಿ ಮತ್ತೆ ಮೇಲೇರಿತು. ಮಾಸಿಕ ನಿಲ್ಲುವವರೆಗೆ, ಎಂಟು ವರ್ಷ, ಹೀಗೇ ನಡೆಯಿತು. ಒಬ್ಬನಿಗೆ ತಾನು ಯಾರ ಜೊತೆ ಹೊಡೆದಾಡುತ್ತಿದ್ದೇನೆಂದು ಗೊತ್ತಿತ್ತು. ಇನ್ನೊಬ್ಬ ಅದೇ ಬೆಂಚಿನ ಮೇಲೆ ಕುಳಿತು ಅವನಿಗೇ ಉಪ್ಪಿನಕಾಯಿ ಬಡಿಸುತ್ತಿದ್ದ.

*

ಒಳಗೆ ಹಜಾರದಲ್ಲಿ ಮರಿಸ್ವಾಮಿ ಮಲಗಿದ್ದ. ರಘೋತ್ತಮ ಹಾರ ಹಾಕಿದ. ಮೂಗಿಗೆ ಹತ್ತಿ ಇಟ್ಟಿದ್ದರೂ ಆ ಮುಖ ಒಪ್ಪಿಕೊಂಡಂತೆ ಕಾಣಲಿಲ್ಲ. ಹೆಂಡತಿ ಮಂಗಳಾ ಅಳುತ್ತಿರಲಿಲ್ಲ. ಹಳೆಯ ಕಂಬಳಿಯೊಂದನ್ನು ತೊಡೆಯ ಮೇಲಿಟ್ಟುಕೊಂಡು ಅಂಟಿದ ಹುಲ್ಲುಕಡ್ಡಿ ಕೀಳುತ್ತಿದ್ದಳು. ಹೆಣದ ಕೆಳಗೆ ಹಾಸಲು ಅದೇ ಆಗಬೇಕೆಂದು ಗಂಡ ಮೊದಲೇ ಹೇಳಿದ್ದನಂತೆ.

"ಆಚೆ ಏನದು ಗಲಾಟೆ?" ಎಂದು ಕೇಳಿದಳು.

ಫ್ಲೆಕ್ಸಿನಲ್ಲಿ ಚಿತ್ರ ತಪ್ಪಾಗಿದೆಯಂತೆ ಎಂದ ರಘೋತ್ತಮ.

"ಸತ್ ದಿನಾನೂ ಬಿಡ್ಲಿಲ್ಲ ನೋಡಿ ಆ ಚಿತ್ರ. ನನ್ ಮಕ ಹಿಂಗೆ ಒಂದ್ ಸಲ ನೋಡಿದ್ರೆ ಆಗೋದು, ಅದ್ನ ನೋಡ್ದಂಗೆ."

ಹೊರಗೆ ಜಗಳ ಬಿಸಿಯೇರಿತ್ತು. ಸಿನಿಮಾದ ಕಡೆಗೂ ತಿರುಗಿತ್ತು. ಎರಡು ವರ್ಷದ ಹಿಂದೆ ಕರಿಕಂಬಳಿ ಸಿನಿಮಾ ಆಗಿ ಬಂದಿತ್ತು. ಕಂಬಳಿಯ ಜಾಗದಲ್ಲಿ ಮಿರಮಿರ ಮಿಂಚುವ ರಬ್ಬರು, ಕಂಪ್ಯೂಟರಿನಲ್ಲಿ ಹುಟ್ಟಿಸಿದ ಗಾಳಿ. ಹೊಸೂರಿನ ಚಿತ್ರಮಂದಿರದಿಂದ ಮರಿಸ್ವಾಮಿ ಮಧ್ಯಂತರಕ್ಕೇ ಎದ್ದು ಬಂದಿದ್ದ. ಗುಂಪಿನಲ್ಲಿ ಎಲ್ಲರೂ ನಿರ್ದೇಶಕನನ್ನು ಬೈಯುತ್ತಿದ್ದಾಗ ಅವನೊಬ್ಬ ಬೇರೆಯೇ ಬರೆದ. ಸಿನಿಮಾದವರದು ತಪ್ಪಿಲ್ಲ, ಅವರು ನಕಲು ಮಾಡಿದ್ದಾರೆ ಅಷ್ಟೆ, ಇದು ಚಂಚಲನ ಕಂಬಳಿ, ಹಾಳು ಮಾಡಿದವನು ಅವನು. ಜೊತೆಗೆ ಬಂಡೆಯ ಮೇಲಿನ ಅದೇ ಚಿತ್ರ, ಸಿನಿಮಾದ ಪೋಸ್ಟರು, ಒಂದರ ಪಕ್ಕ ಇನ್ನೊಂದು, ಕೆಂಪು ಗುರುತಿನ ಸಮೇತ.

ಸಿನಿಮಾದವರು ಚಂಚಲನ ಹೆಸರು ಎಲ್ಲೂ ಹಾಕಿರಲಿಲ್ಲ. ಆ ಅನ್ಯಾಯ ಕಂಡವನು ಪ್ರಪಂಚದಲ್ಲಿ ಒಬ್ಬನೇ, ಅವನೂ ಕಂಡದ್ದು ಬೈಯುವುದಕ್ಕೆ. ಆ ಸಾಲುಗಳನ್ನು ರಘೋತ್ತಮ ಅಳಿಸದೆ ಇಟ್ಟುಕೊಂಡಿದ್ದ.

ಆವುಲಪ್ಪ ಹಗ್ಗದ ಒಂದು ಗಂಟು ಬಿಚ್ಚಿದ. ಮಾಲಿನಿ ಅವನ ಕೈ ತಳ್ಳಿದಳು. ಬೇರೆ ಅಚ್ಚು ಹಾಕಿಸಲು ಹೊತ್ತಿರಲಿಲ್ಲ, ಹನ್ನೊಂದಕ್ಕೆ ವ್ಯಾನು. ಇದೇ ಫ್ಲೆಕ್ಸನ್ನು ವ್ಯಾನಿನ ಹಿಂದಕ್ಕೆ ಕಟ್ಟಿ ಊರಿಗೆಲ್ಲ ತೋರಿಸಿಕೊಂಡು ಹೋಗಬೇಕಿತ್ತು.

"ಹರಿಯುವುದು ಬೇಡ," ಎಂದ ರಘೋತ್ತಮ. "ಕರಿ ಪೇಂಟ್ ಇದೆಯೇನಮ್ಮ?"

ಕಿಟಕಿಯ ಸರಳಿಗೆ ಬಳಿದು ಉಳಿದಿದ್ದ ಎನಾಮಲ್ ಡಬ್ಬ ಬಂತು. ಒಂದಿಂಚಿನ ಬ್ರಷ್. ಒರಟಾಗಿತ್ತು, ಕೂದಲು ಉದುರುತ್ತಿತ್ತು. ರಘೋತ್ತಮ ಕುರ್ಚಿಯ ಮೇಲೆ ಹತ್ತಿದ. ಗೋಡೆಗೆ ಸುಣ್ಣ ಹೊಡೆದು ಮಿಕ್ಕ ಬಿಳಿಯಿಂದ ಆಕಾಶದ ಕಂಬಳಿಯನ್ನು ಮೊದಲು ಮುಚ್ಚಿದ. ಎಂಟು ವರ್ಷ ಅವನು ಏರಿಸಿದ್ದೆಲ್ಲ ನಾಲ್ಕು ಬೀಸಿಗೆ ಹೋಯಿತು. ಆಮೇಲೆ ಹೆಗಲಿನಿಂದ ಕಪ್ಪು ಗೆರೆ ಎಳೆದ.

ಹಿಂದಿನಿಂದ ಆವುಲಪ್ಪ ಸೂಚನೆ ಕೊಡುತ್ತಿದ್ದ. "ಇನ್ನೂ ಇಳೀಲಿ ಸಾ. ಭಾರ ಬೀಳ್ಲಿ. ಆ ನನ್ಮಗ ಚಂಚಲ ಒಂದ್ ರಾತ್ರಿ ಕಂಬ್ಳಿ ಹೊದ್ದು ಮಲ್ಗಿದ್ರೆ ಇಷ್ಟ್ ರಾದ್ಧಾಂತ ಆಗ್ತಾ ಇರ್ಲಿಲ್ಲ."

"ಹ್ಞೂಂ," ಎಂದ ರಘೋತ್ತಮ.

ಮೂರನೆಯ ಗೆರೆಗೆ ಕಂಬಳಿ ಭುಜದ ಮೇಲೆ ಕೂತಿತು. ಕಂಬಳಿ ಸರಿದ ಮೇಲೆ ಕಾಣಿಸಬೇಕಾದ ಎಡಗೈಯನ್ನೂ ಅವನು ತಡವರಿಸದೆ ಬರೆದ, ಆ ಕೈ ಅಲ್ಲೇ ಇದೆ ಎಂದು ಗೊತ್ತಿದ್ದವನ ಹಾಗೆ. ಆವುಲಪ್ಪ ಹತ್ತಿರ ಬಂದ. ಚಿತ್ರವನ್ನು ನೋಡಿದ, ಬ್ರಷ್ ಹಿಡಿದ ಬೆರಳುಗಳನ್ನು ನೋಡಿದ.

"ನಿಮ್ಗೆಂಗ್ ಸಾ ಗೊತ್ತಾಯ್ತು, ಕೈ ಅಲ್ಲೈತೆ ಅಂತ?"

"ಡ್ರಾಫ್ಟ್ಸ್‌ಮನ್ ಅಲ್ಲವೇನಯ್ಯ," ಎಂದು ರಘೋತ್ತಮ ಕುರ್ಚಿಯಿಂದ ಇಳಿದ. ಹೇಳಬಹುದಾಗಿತ್ತು. ಬಾಯಿಯವರೆಗೆ ಬಂದಿತ್ತು. ಆದರೆ ಕೇಳಬೇಕಾದವನು ಆವುಲಪ್ಪನಲ್ಲ.

ಅಷ್ಟರಲ್ಲಿ ತಮಟೆ ಶುರುವಾಯಿತು. ಮರಿಸ್ವಾಮಿಯನ್ನು ತಂದೆಯ ಕಂಬಳಿಯ ಮೇಲೆ ಮಲಗಿಸಿ ನಾಲ್ವರು ಎತ್ತಿ ತಂದರು. ಒಂದು ಮೂಲೆ ರಘೋತ್ತಮನ ಕೈಗೆ ಬಂತು. ಅಂಗೈಗೆ ಒರಟು ಉಣ್ಣೆ ಚುಚ್ಚಿತು. ಅದನ್ನು ಅವನು ಮುಟ್ಟಿದ್ದು ಅದೇ ಮೊದಲು. ಅಷ್ಟು ಭಾರವಿರುತ್ತದೆಂದು ಪತ್ರದಲ್ಲಿ ಓದಿದ್ದ, ಅಷ್ಟೆ.

ವ್ಯಾನು ಹೊರಟಿತು. ಮೂಲೆ ತಿರುಗಿದಾಗ ಆಷಾಢದ ಗಾಳಿ ಹಿಂದಿನ ಫ್ಲೆಕ್ಸಿಗೆ ನುಗ್ಗಿ ಅದನ್ನು ಹಾಯಿಯಂತೆ ಉಬ್ಬಿಸಿತು. ಮರಿಸ್ವಾಮಿಯ ಮುಖ ಉಬ್ಬಿ ತಗ್ಗಿತು, ತಮಿಳು ಅಕ್ಷರಗಳು ಬಳುಕಿದವು. ಹಸಿ ಪೇಂಟಿನ ಕಂಬಳಿ ಮಾತ್ರ ನೆಟ್ಟಗೆ ಕೆಳಕ್ಕೆ ತೂಗುತ್ತಿತ್ತು. ಅಂಚಿನಿಂದ ಕಪ್ಪು ಹನಿಯೊಂದು ಇನ್ನೂ ಕೆಳಗೆ ಇಳಿಯುತ್ತಿತ್ತು.

ಕಂಬಳಿ ಹಾರುವುದಿಲ್ಲ ಎಂಬುದು ಮೊದಲ ಪತ್ರ ಓದಿದ ದಿನವೇ ರಘೋತ್ತಮನಿಗೆ ಗೊತ್ತಾಗಿತ್ತು. ನೀನು ಹೇಳಿದ್ದು ಸರಿ ಎಂದು ಮರಿಸ್ವಾಮಿಗೆ ಅವನು ಒಂದು ಸಲವೂ ಹೇಳಲಿಲ್ಲ.