ಕಾಲು ಚಾಚುವಷ್ಟು

ಸುವರ್ಣಾ ಬಿಸಿನೀರಿನಲ್ಲಿ ಅದ್ದಿದ ಟವೆಲನ್ನು ಹಿಂಡಿ ಗಂಡನ ಮೊಣಕಾಲಿನ ಮೇಲೆ ಹಾಕಿ ಎರಡೂ ಕೈಯಿಂದ ಒತ್ತಿದಳು. ಮೊಣಕಾಲು ಕದಲಲಿಲ್ಲ. ಚಾಪೆಯ ಮೇಲೆ ಒಂದು ಮಗ್ಗುಲಿಗೆ ವಾಲಿದ್ದ ಗುರುಸಿದ್ದ ಇನ್ನೂ ಲಾರಿಯ ಸೀಟಿನಲ್ಲೇ ಇದ್ದ ಹಾಗೆ ಕಾಣುತ್ತಿದ್ದ. ಬಲಗಾಲು ಸ್ವಲ್ಪ ಮುಂದೆ, ಎಡಗಾಲು ಮಡಚಿಕೊಂಡು.

“ಬಿಡವಾ ಸುವರ್ಣಾ,” ಎಂದ ಬಸವಣ್ಣೆಪ್ಪ. ಅವನು ಗುರುಸಿದ್ದನ ಅಣ್ಣ. “ಅವು ಹಂಗ ಇರ್ಲಿ. ನಾವೂ ಕುಂಡ್ರಸಾವ್ರ ಅದೇವಿ. ದೇವರು ತಾನ ಕುಂಡ್ರಿಸಿ ಕಳಸ್ಯಾನ ನೋಡು.”

ಸಮಾಧಾನ ಹೇಳಲೆಂದೇ ಅವನು ಆ ಮಾತು ಆಡಿದ್ದ. ಸುವರ್ಣಾ ಟವೆಲನ್ನು ಮತ್ತೆ ಬಿಸಿನೀರಿಗೆ ಅದ್ದಿದಳು.

ಗುರುಸಿದ್ದ ಇಚಲಕರಂಜಿಯ ಬಟ್ಟೆಯನ್ನು ರಾಜಸ್ಥಾನದ ಬಾಲೋತ್ರಾಕ್ಕೆ ಮುಟ್ಟಿಸಿ ವಾಪಸು ಬರುತ್ತಿದ್ದ. ಕಿಣಿ ಟೋಲ್ ದಾಟಿದ ಮೇಲೆ ಲಾರಿಯನ್ನು ರಸ್ತೆಯ ಎಡಕ್ಕೆ ನೀಟಾಗಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಇಂಡಿಕೇಟರ್ ಹಾಕಿ, ಸ್ಟೇರಿಂಗಿಗೆ ಎದೆ ಆನಿಸಿ ಹೋಗಿಬಿಟ್ಟಿದ್ದ. ಇನ್ನು ಗಳಿಗೆಯಲ್ಲಿ ಮನೆ. ಹಿಂದಿನಿಂದ ಬಂದ ಅದೇ ಟ್ರಾನ್ಸ್‌ಪೋರ್ಟಿನ ದತ್ತಾ, ನಿದ್ದೆ ಹೊಡೆಯುತ್ತಿದ್ದಾನೆಂದು ಬೈಯುತ್ತಲೇ ಬೆಳಿಗ್ಗೆ ಲಾರಿಯ ಬಾಗಿಲು ಬಡಿದಿದ್ದ. ದವಾಖಾನೆಯ ಕೆಲಸ ಮುಗಿಸಿ ಕಬನೂರಿನ ಮನೆಗೆ ತರುವ ಹೊತ್ತಿಗೆ ಮಧ್ಯಾಹ್ನವಾಗಿತ್ತು. ಸ್ಟ್ರೆಚರಿನಲ್ಲೂ ಅವನು ಕಾಲು ಚಾಚಿರಲಿಲ್ಲ.

ಓಣಿಯವರು ಮಗ್ಗ ನಿಲ್ಲಿಸಿದ್ದರು. ಹಗಲಿರುಳು ಖಟ್ ಖಟ್ ಎನ್ನುವ ಓಣಿ ಸುಮ್ಮನಾದರೆ ಅಲ್ಲಿಯವರಿಗೆ ಕಿವಿಯಲ್ಲಿ ಏನೋ ಹೊಕ್ಕ ಹಾಗಾಗುತ್ತದೆ. ಮಹಾಗಾಂವದಿಂದ ಎಸ್‌ಟಿ ಬಸ್ಸು ಹಿಡಿದು ಬಂದ ಮಗಳು ಸ್ನೇಹಲ ಅಪ್ಪನ ಬಾತ ಪಾದಗಳನ್ನು ಹಿಡಿದು ಕೂತಿದ್ದಳು. ಹೊರಗೆ ಮಠದಿಂದ ತಂದ ಕುರ್ಚಿಗೆ ಚೆಂಡುಹೂವಿನ ಮಾಲೆ ಸುತ್ತುತ್ತಿದ್ದರು. ಲಿಂಗವಂತರಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಮೀಸಿ, ವಿಭೂತಿ ಹಚ್ಚಿ, ಕುರ್ಚಿಯಲ್ಲಿ ಕೂರಿಸಿ ಒಯ್ಯುತ್ತಾರೆ. ಕುಣಿಯ ಗೋಡೆಯಲ್ಲಿ ಗೂಡು ಕೊರೆದು, ಅದರೊಳಗೆ ಕೂರಿಸಿ, ಅಂಗೈಯಲ್ಲಿ ಲಿಂಗ ಕೊಟ್ಟು ಮಣ್ಣು ಮುಚ್ಚುತ್ತಾರೆ.

“ಭಾವಾರ,” ಎಂದಳು ಸುವರ್ಣಾ, ತಲೆ ಎತ್ತದೆ. “ಇವರನ್ನ ಕುಂಡ್ರಸಬ್ಯಾಡ್ರಿ. ಮಲಗಿಸಿ ಮಣ್ಣ ಕೊಡೂಣು.”

ಬಸವಣ್ಣೆಪ್ಪನಿಗೆ ಮೊದಲು ಕೇಳಿಸಿದ್ದೇ ಸುಳ್ಳೆನಿಸಿತು.

*

ಮದುವೆಯಾದ ಹೊಸದರಲ್ಲಿ ಅವಳನ್ನು ತವರೂರು ನೇಸರಿಗೆ ಬಿಡಲು ಗುರುಸಿದ್ದ ಲಾರಿಯನ್ನೇ ತಂದಿದ್ದ. ಬಸ್ಸಿನಲ್ಲಿ ಎಲ್ಲರೂ ಹೋಗುತ್ತಾರೆ, ನೀನು ರಾಣಿಯ ಹಾಗೆ ಮೇಲೆ ಕೂತು ಬಾ ಎಂದಿದ್ದ. ದಾರಿಯಲ್ಲಿ ಬೇವಿನ ನೆರಳಿಗೆ ಗಾಡಿ ನಿಲ್ಲಿಸಿ, ಸೀಟಿನ ಹಿಂದಿನ ಹಲಗೆಯ ಮೇಲೆ ಅಡ್ಡಾದ. ಆಳು ಎತ್ತರ, ಹಲಗೆ ಗಿಡ್ಡ. ಪಾದ ಬಾಗಿಲಿಗೆ ಬಡಿಯುತ್ತಿತ್ತು. ಕಾಲು ಮಡಚಿದರೆ ಮೊಣಕಾಲು ಸೀಟಿಗೆ ತಾಗುತ್ತಿತ್ತು.

“ಗಾಡಿ ಮಾಡಿದಾಂವಗ ನನ್ನ ಅಳತಿ ಯಾರೂ ಕೊಟ್ಟಿಲ್ಲ ನೋಡು,” ಎಂದು ನಕ್ಕಿದ್ದ.

ಅವಳೂ ನಕ್ಕಿದ್ದಳು. ಆಗ ಅದು ನಗುವ ಮಾತೇ ಆಗಿತ್ತು.

ಆಮೇಲೆ ಬೆನ್ನು ಹಿಡಿಯಿತು, ಸಕ್ಕರೆ ಕಾಯಿಲೆ ಬಂತು, ಪಾದ ಬಾತು ಚಪ್ಪಲಿಯ ಪಟ್ಟಿ ಕತ್ತರಿಸಬೇಕಾಯಿತು. ಹೋದ ವರ್ಷದಿಂದ ಮನೆಗೆ ಬಂದಾಗ ಹಾಸಿಗೆಯಲ್ಲಿ ಬೆನ್ನು ಇಟ್ಟರೆ ಸಾಕು, ಉಸಿರು ಕಟ್ಟಿ ದಡಕ್ಕನೆ ಎದ್ದು ಕೂರುತ್ತಿದ್ದ. ಗೋಡೆಗೆ ಆನಿಕೊಂಡೇ ನಿದ್ದೆ ಮಾಡುತ್ತಿದ್ದ. ಕೊಲ್ಹಾಪುರದ ಡಾಕ್ಟರು ಎದೆ ಸೋತಿದೆ, ಒಳಗೆ ನೀರು ತುಂಬುತ್ತಿದೆ, ಗಾಡಿ ಬಿಡು ಎಂದರು. ನೀರು ಇಳಿಸುವ ಗುಳಿಗೆ ಕೊಟ್ಟರು. ಅದನ್ನು ತಿಂದರೆ ಮೇಲಿಂದ ಮೇಲೆ ಮೂತ್ರಕ್ಕೆ ಇಳಿಯಬೇಕು. ಭರ್ತಿ ಗಾಡಿಯನ್ನು ಎಲ್ಲೆಂದು ನಿಲ್ಲಿಸುವುದು? ಡ್ಯೂಟಿಗೆ ಹೊರಟಾಗ ಗುರುಸಿದ್ದ ಗುಳಿಗೆಯನ್ನು ಮನೆಯಲ್ಲೇ ಬಿಟ್ಟುಹೋಗುತ್ತಿದ್ದ. ನೀರನ್ನೂ ಕುಡಿಯುತ್ತಿರಲಿಲ್ಲ.

“ಅಲ್ಲ, ಇದು ತಿಳೀವಲ್ದಲ್ಲ ನಿಮಗ,” ಎಂದು ಮನೆಯವರೊಂದಿಗೆ ವಾದಿಸುತ್ತಿದ್ದ. “ಸೀಟಿನ್ಯಾಗ ಕುಂತ್ರ ನನಗ ಏನೂ ಆಗಂಗಿಲ್ಲ. ಉಸರು ಮಸ್ತ ಆಡ್ತದ. ಮನ್ಯಾಗ ಮಲಗಿದ್ರ ಅಷ್ಟ ಬ್ಯಾನಿ. ಬ್ಯಾನಿ ಇದ್ದದ್ದು ಗಾದ್ಯಾಗ, ಗಾಡ್ಯಾಗ ಅಲ್ಲ.”

ಕೂತರೆ ಎದೆಯ ನೀರು ಕೆಳಗಿಳಿದು ಉಸಿರು ಹಗುರವೆನಿಸುತ್ತದೆ ಅಷ್ಟೆ, ಕಾಯಿಲೆ ಹೋಗುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ಅವನು ಅದರಲ್ಲಿ ತನಗೆ ಬೇಕಾದಷ್ಟನ್ನು ಮಾತ್ರ ಕೇಳಿಸಿಕೊಂಡಿದ್ದ. ಈ ಸಲ ಹೊರಡುವಾಗ ಮಾತ್ರ ಹೊಸ್ತಿಲಲ್ಲಿ ನಿಂತು ಹಾಸಿಗೆಯನ್ನೇ ನೋಡಿದ್ದ.

“ಬಂದ ಮ್ಯಾಲ ಆ ಗುಳಿಗಿ ಎಲ್ಲಾ ತಿಂತೇನಿ. ನೀರ ಇಳೀಲಿ. ಆಮ್ಯಾಲ ಅಂಗಾತ ಬಿದ್ದು, ಕಾಲ ಚಾಚಿ ಮಲಗ್ತೇನಿ. ಯಾರ ಬಂದ್ರೂ ಎಬ್ಬಸಬ್ಯಾಡ.”

“ಎಬ್ಬಸಂಗಿಲ್ಲ ಹೋಗ್ರಿ,” ಎಂದಿದ್ದಳು ಸುವರ್ಣಾ.

*

ಕ್ರಿಯೆ ಮಾಡಿಸಲು ಮಠದ ಅಯ್ಯನವರು ಬಂದರು. ಅವರಿಗೆ ಹಾತಕಣಂಗಲೆಯಲ್ಲಿ ಸಂಜೆ ಇನ್ನೊಂದು ಕಾರ್ಯವಿತ್ತು. ವಿಷಯ ಕೇಳಿ ಹೆಗಲ ಮೇಲಿನ ಶಾಲನ್ನು ಸರಿಪಡಿಸಿಕೊಂಡರು.

“ಹಂಗ ಮಾಡಾಕ ಬರಂಗಿಲ್ಲವ್ವಾ. ಲಿಂಗ ಅಂಗೈಯಾಗ ಇರಬೇಕು. ಮಲಗಿದಾಂವ ಲಿಂಗಪೂಜಿ ಹೆಂಗ ಮಾಡ್ತಾನ?”

“ಆ ಕೈ ಸ್ಟೇರಿಂಗ ಹಿಡದ ಹಿಡದ ದಣದಾವ್ರಿ ಅಜ್ಜಾರ,” ಎಂದಳು ಸುವರ್ಣಾ. “ಲಿಂಗಾ ಎದಿ ಮ್ಯಾಲ ಇರ್ಲಿ. ಇಷ್ಟ ದಿನಾನೂ ಅಲ್ಲೇ ಇತ್ತ.”

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ದುಃಖಕ್ಕೆ ತಲೆ ಕೆಟ್ಟಿದೆ ಎಂದು ಯಾರೋ ಪಿಸುಗುಟ್ಟಿದರು. ಬಾಗಿಲಲ್ಲಿ ನಿಂತಿದ್ದ ದತ್ತಾ ಕಣ್ಣೊರೆಸಿಕೊಳ್ಳುತ್ತ, “ವಹಿನಿ ಬರೋಬರ ಬೋಲತಾಯತ,” ಎಂದ. ಮರಾಠಿಯಲ್ಲಿ ಹೇಳಿದ್ದು ಸಾಲದೆಂದು ಕನ್ನಡದಲ್ಲೂ ಹೇಳಿದ. “ಅತ್ತಿಗಿ ಹೇಳೂದು ಖರೆ ಐತ್ರಿ. ಅಂವ ಭಾಳ ಕುಂತಾನ.”

ಅಯ್ಯನವರು ಯೋಚಿಸಿದರು. “ಮನೀ ಹಿರ್ಯಾರು ಅದಾರ. ಅವರು ಹೇಳ್ಲಿ.”

ಎಲ್ಲರೂ ಬಸವಣ್ಣೆಪ್ಪನ ಕಡೆ ತಿರುಗಿದರು. ಅವನು ಕಟ್ಟೆಯ ಮೇಲೆ ಕೂತಿದ್ದ. ಧೋತರದ ಕೆಳಗೆ ಮೀನಖಂಡದ ನರಗಳು ಹಗ್ಗದ ಹಾಗೆ ಗಂಟುಗಂಟಾಗಿ ಉಬ್ಬಿದ್ದವು.

“ಹಿರ್ಯಾರು ಹಾಕಿದ್ದು ಮುರೀಬ್ಯಾಡ ಸುವರ್ಣಾ,” ಎಂದ. “ಅಪ್ಪನ್ನ ಕುಂಡ್ರಿಸಿದೆ, ಅವ್ವನ್ನ ಕುಂಡ್ರಿಸಿದೆ. ತಮ್ಮನ್ನ ಅಷ್ಟ ನೆಲಕ್ಕ ಕೆಡವಿ ಬಂದ ಅಂತಾರ ಮಂದಿ. ನಾ ಹೆಂಗ ಮಾರಿ ತೋರಿಸ್ಲಿ?”

ಸುವರ್ಣಾ ಟವೆಲನ್ನು ಕೆಳಗಿಟ್ಟು ಎದ್ದು ಬಂದಳು. ಭಾವನೆದುರು ಎಂದೂ ತಲೆ ಎತ್ತಿ ಮಾತಾಡಿದವಳಲ್ಲ.

“ಭಾವಾರ, ನೀವು ಜನ್ಮಾಪೂರ್ತಿ ಮಗ್ಗದ ಮುಂದ ನಿಂತ್ರಿ. ನಾಳೆ ನಿಮ್ಮನ್ನ ನಿಲ್ಲಿಸಿ ಮಣ್ಣ ಕೊಡ್ತೇವಿ ಅಂದ್ರ, ಹೂಂ ಅಂತೀರೇನು?”

ಬಸವಣ್ಣೆಪ್ಪ ತನ್ನ ಕಾಲುಗಳನ್ನು ನೋಡಿಕೊಂಡ. ಬಹಳ ಹೊತ್ತು ನೋಡಿಕೊಂಡ. ಆಮೇಲೆ ಕಂಬ ಹಿಡಿದು ಎದ್ದು ನಿಂತು, ದತ್ತಾನನ್ನು ಕರೆದ.

“ಕುಣಿ ತೋಡಿ ಆಗೇದೇನು?”

“ಆಗ್ಲೇ ಆಗೇತ್ರಿ. ಕುಂಡ್ರೂದ ಅಳತಿಗಿ ತೋಡ್ಯಾರ. ಚೌಕ.”

“ನಿಮ್ಮ ಗಾಡ್ಯಾಗ ಗುದ್ದಲಿ, ಸಲಿಕಿ ಅದಾವೇನು?”

“ಆಹೇತ ಕೀ ಅಣ್ಣಾ, ಅದಾವ!” ದತ್ತಾ ಆಗಲೇ ಚಪ್ಪಲಿ ಮೆಟ್ಟುತ್ತಿದ್ದ.

ಚೆಂಡುಹೂವಿನ ಕುರ್ಚಿ ಓಣಿಯಲ್ಲೇ ಉಳಿಯಿತು. ಗುರುಸಿದ್ದನನ್ನು ಚಾಪೆಯ ಸಮೇತ ಹೊರಸಿನ ಮೇಲಿಟ್ಟು ಹೊತ್ತುಕೊಂಡು ಹೋದರು. ಭಜನೆಯವರು ಹಿಂದೆ ಬರಬೇಕೋ ಮುಂದೆ ಹೋಗಬೇಕೋ ತಿಳಿಯದೆ ಕಡೆಗೆ ಪಕ್ಕದಲ್ಲಿ ನಡೆದರು.

*

ಸ್ಮಶಾನದಲ್ಲಿ ದತ್ತಾನೂ ಅವನ ಟ್ರಾನ್ಸ್‌ಪೋರ್ಟಿನ ಡ್ರೈವರುಗಳೂ ಅಂಗಿ ಬಿಚ್ಚಿ ಕುಣಿಗಿಳಿದರು. ಕರಿಮಣ್ಣು, ಗುದ್ದಲಿಗೆ ಅಂಟುತ್ತಿತ್ತು. ಹೊಟ್ಟೆ ಬಂದ, ಬೆನ್ನು ಬಾಗಿದ ಗಂಡಸರು ಎರಡೇಟಿಗೆ ಏದುಸಿರು ಬಿಟ್ಟು ಒಬ್ಬರ ಕೈಯಿಂದ ಒಬ್ಬರು ಗುದ್ದಲಿ ತೆಗೆದುಕೊಳ್ಳುತ್ತಿದ್ದರು. ಕೂರಿಸಲೆಂದು ಕೊರೆದ ಗೂಡು ಒಂದು ಬದಿಗೆ ಬಾಯಿ ತೆರೆದುಕೊಂಡಿತ್ತು.

“ಉದ್ದ ಎಷ್ಟ ಬೇಕ್ರಿ?” ಎಂದು ದತ್ತಾ ಒಳಗಿನಿಂದ ಕೇಳಿದ.

ಯಾರಿಗೂ ಗೊತ್ತಿರಲಿಲ್ಲ. ಅಲ್ಲಿ ಯಾರೂ ಯಾರನ್ನೂ ಮಲಗಿಸಿ ಅಳತೆ ತೆಗೆದವರಲ್ಲ. ಬಸವಣ್ಣೆಪ್ಪ ಮುಂದೆ ಬಂದ.

“ನಮ್ಮಿಬ್ರದೂ ಒಂದ ಅಳತಿ,” ಎಂದವನು ಕುಣಿಯ ದಂಡೆಯ ಹುಲ್ಲಿನ ಮೇಲೆ ಅಂಗಾತ ಮಲಗಿದ. ಕಾಲು ಚಾಚಿದ. ಮೇಲೆ ಆಕಾಶವಿತ್ತು. ಬಿಸಿಲಿಗೋ ಏನೋ ಕಣ್ಣು ಮುಚ್ಚಿಕೊಂಡ. ದತ್ತಾ ಅವನ ಹಿಮ್ಮಡಿಯ ಹತ್ತಿರ ಸಲಿಕೆಯಿಂದ ಗೆರೆ ಎಳೆದ.

“ಇನ್ನೊಂದ ಗೇಣ ಹಾಕ್ರಿ,” ಎಂದಳು ಸುವರ್ಣಾ. “ಕಾಲ ಬಡೀಬಾರದು.”

ದತ್ತಾ ಗೆರೆಯನ್ನು ಇನ್ನೊಂದು ಗೇಣು ಆಚೆ ಸರಿಸಿದ.

ಗುರುಸಿದ್ದನನ್ನು ಇಳಿಸಿದಾಗ ಬಿಸಿಲು ಇಳಿಯುತ್ತಿತ್ತು. ಬೆನ್ನು ನೆಲಕ್ಕೆ ಕೂತಿತು, ಮೊಣಕಾಲು ಮಾತ್ರ ಎದ್ದೇ ನಿಂತಿತ್ತು. ಅಯ್ಯನವರು ದಂಡೆಯಿಂದಲೇ ಮಂತ್ರ ಹೇಳಿ, ಎದೆಯ ಮೇಲಿನ ಲಿಂಗಕ್ಕೆ ಒಂದು ಬಿಲ್ವಪತ್ರೆ ಹಾಕಿದರು. ಒಳಗಿಳಿದಿದ್ದ ಬಸವಣ್ಣೆಪ್ಪ ತಮ್ಮನ ಮೊಣಕಾಲಿನ ಮೇಲೆ ಅಂಗೈ ಇಟ್ಟ. ಒತ್ತಲು ಧೈರ್ಯವಾಗದೆ ಸುಮ್ಮನೆ ಇಟ್ಟುಕೊಂಡೇ ನಿಂತ. ಸಾವಿನ ಬಿಗಿ ಬಿಡುವ ಹೊತ್ತಾಗಿತ್ತೋ ಏನೋ, ಬಿಸಿನೀರಿಗೆ ಬಗ್ಗದಿದ್ದ ಕಾಲು ಕೈಯ ಭಾರಕ್ಕೇ ಮೆಲ್ಲಗೆ ಇಳಿಯಿತು. ಒಂದು ಇಳಿಯಿತು. ಆಮೇಲೆ ಇನ್ನೊಂದು.

“ಮಲಗಿದ,” ಎಂದ ಬಸವಣ್ಣೆಪ್ಪ, ಮೇಲೆ ನೋಡಿ. ಸುವರ್ಣಾ ಆಗ ಬಾಯಿ ತೆರೆದು ಅತ್ತಳು. ಅತ್ತು, ಮಗಳ ಬಾಯಿಗೆ ಕೈ ಅಡ್ಡ ಹಿಡಿದು, “ಸಾವಕಾಶ, ಸಾವಕಾಶ ಅಳು” ಎಂದಳು.

ಮಂದಿ ಸಾಲಾಗಿ ಬಂದು ಹಿಡಿ ಹಿಡಿ ಮಣ್ಣು ಹಾಕಿದರು. ಕಾಲಿನ ಕಡೆಗೆ ಹೋದವರನ್ನೆಲ್ಲ ಬಸವಣ್ಣೆಪ್ಪ ತೋಳು ಹಿಡಿದು ಈಚೆ ಕಳಿಸುತ್ತಿದ್ದ. ಕುಣಿ ತುಂಬುತ್ತ ಬಂತು. ಹಿಮ್ಮಡಿಯಿಂದ ಆಚೆಯ ಆ ಒಂದು ಗೇಣು ಜಾಗ ಮಾತ್ರ ಕಡೆಯವರೆಗೂ ಖಾಲಿಯಾಗಿಯೇ ಇತ್ತು.